ಬಟ್ಟಲಿನ ದೂರು ಕನ್ನಡದಲ್ಲೇ ಬರಲಿ



ಮನವಿಪತ್ರ ಬರೆಯುವುದರಲ್ಲಿ ಕಾಸರಗೋಡಿನ ಕನ್ನಡಿಗರನ್ನು ಮೀರಿಸುವವರಿಲ್ಲ. 1956ರ ನವೆಂಬರ್ 1ರಂದು ಈ ನೆಲ ಕೇರಳಕ್ಕೆ ಸೇರಿದಂದಿನಿಂದ ತಿರುವನಂತಪುರಕ್ಕೆ, ದೆಹಲಿಗೆ, ಜಿಲ್ಲಾಧಿಕಾರಿಗಳ ಕಚೇರಿಗೆ ಹೋದ ನಮ್ಮ ಮನವಿಗಳನ್ನು ಪೇರಿಸಿಟ್ಟರೆ ಒಂದು ಕೋಣೆ ಸಾಲದು. ಕನ್ನಡ ಬಲ್ಲ ಅಧ್ಯಾಪಕರು ಬೇಕು, ಪಠ್ಯಪುಸ್ತಕ ಹೊತ್ತಿಗೆ ಸರಿಯಾಗಿ ಬರಬೇಕು, ಪ್ರಶ್ನೆಪತ್ರಿಕೆಯ ಕನ್ನಡ ಕನ್ನಡದಂತಿರಬೇಕು, ನಾಮಫಲಕದಲ್ಲಿ ಕನ್ನಡವಿರಬೇಕು. ಎಲ್ಲವೂ ನ್ಯಾಯವಾದ ಬೇಡಿಕೆಗಳೇ. ಆದರೆ ಈ ರಾಶಿಯಲ್ಲಿ ಮಕ್ಕಳ ಮಧ್ಯಾಹ್ನದೂಟದ ಬಗ್ಗೆ ಎಷ್ಟು ಮನವಿಗಳಿವೆ? ಮಕ್ಕಳೇ ಬರೆದು ಸಹಿ ಹಾಕಿದವು ಎಷ್ಟಿವೆ? ನಿಮ್ಮ ಊರಿನ ಸಂಘದ ಕಡತವನ್ನು ಒಮ್ಮೆ ಬಿಚ್ಚಿ ನೋಡಿ.

'ಊಟದ ಪ್ರಶ್ನೆ ಬೇರೆ, ಭಾಷೆಯ ಪ್ರಶ್ನೆ ಬೇರೆ' ಎಂದು ನಮ್ಮ ಹೋರಾಟಗಾರರಲ್ಲೇ ಕೆಲವರು ಹೇಳುವುದುಂಟು. ಇದು ತಪ್ಪು ತಿಳುವಳಿಕೆ. ಕನ್ನಡ ಶಾಲೆಯ ಮಗು ತನ್ನ ಬಟ್ಟಲಿನಲ್ಲಿ ಏನಿರಬೇಕೆಂದು ತಾನೇ ಕೇಳಬೇಕು. ಕನ್ನಡದಲ್ಲಿ ಬರೆದು ಕೇಳಬೇಕು. ಅದಕ್ಕೆ ಕನ್ನಡದಲ್ಲಿ ಬರೆದ ಉತ್ತರ ಬರಬೇಕು. ಭಾಷಾ ಹಕ್ಕು ಎಂದರೇನು ಎಂದು ಹತ್ತು ಭಾಷಣಗಳಲ್ಲಿ ಕಲಿಸಲಾಗದ್ದನ್ನು ಈ ಒಂದು ಕಾಗದ ಕಲಿಸುತ್ತದೆ.

ಇದು ಯಾರ ದಾನವೂ ಅಲ್ಲ

'ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರು' ಎಂಬ ಗಾದೆಯನ್ನು ಮಕ್ಕಳ ಮುಂದೆ ಹೇಳುವ ಹಿರಿಯರಿದ್ದಾರೆ. ಪುಕ್ಕಟೆ ಸಿಗುವ ಊಟದಲ್ಲಿ ತಪ್ಪು ಹುಡುಕಬಾರದು ಎಂಬುದು ಅವರ ಉಪದೇಶ. ಈ ಗಾದೆ ಇಲ್ಲಿ ಸಲ್ಲದು. ಈ ದಟ್ಟಿಯನ್ನು ಯಾರೂ ಧರ್ಮಕ್ಕೆ ಕೊಟ್ಟಿಲ್ಲ. ಮೊಳ ಹಾಕಿ ನೋಡುವ ಅಧಿಕಾರವನ್ನು ದೇಶದ ಕಾನೂನೇ ಕೊಟ್ಟಿದೆ.

ಕೇರಳದಲ್ಲಿ ಬೇಯಿಸಿದ ಮಧ್ಯಾಹ್ನದೂಟ 1984ರ ಕೊನೆಯಲ್ಲಿ ಕರಾವಳಿಯ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಆರಂಭವಾಯಿತು. ನಮ್ಮ ಜಿಲ್ಲೆ ಹುಟ್ಟಿದ್ದೂ ಅದೇ ವರ್ಷ. ಗಂಜಿ ಮತ್ತು ಹೆಸರುಕಾಳು ಅಂದಿನ ಊಟ. ಇಂದಿನ ತಂದೆತಾಯಂದಿರಲ್ಲಿ ಅನೇಕರು ಅದನ್ನೇ ಉಂಡು ಬೆಳೆದವರು. 1995ರ ಆಗಸ್ಟ್ 15ರಂದು ಕೇಂದ್ರ ಸರಕಾರ ತನ್ನ ಯೋಜನೆಯನ್ನು ತಂದಿತು. ಆದರೆ ಅನೇಕ ರಾಜ್ಯಗಳು ತಿಂಗಳಿಗೆ 3 ಕಿಲೋ ಧಾನ್ಯ ಹಂಚಿ ಕೈತೊಳೆದುಕೊಂಡವು. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು ಬೇಯಿಸಿದ ಊಟವನ್ನೇ ಕೊಡಬೇಕೆಂದು ಆಜ್ಞಾಪಿಸಿದ ಮೇಲೆ ಸರಕಾರಗಳು ಒಲೆ ಹಚ್ಚಿದವು. 2013ರ ಆಹಾರ ಭದ್ರತಾ ಕಾಯಿದೆ ಈ ಊಟವನ್ನು ಶಾಸನಬದ್ಧ ಹಕ್ಕನ್ನಾಗಿ ಮಾಡಿತು.

ಆ ಹಕ್ಕಿಗೆ ಅಳತೆಯೂ ಇದೆ. 1ರಿಂದ 5ನೇ ತರಗತಿಯ ಮಗುವಿಗೆ ದಿನಕ್ಕೆ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನು. 6ರಿಂದ 8ನೇ ತರಗತಿಯ ಮಗುವಿಗೆ 700 ಕ್ಯಾಲೊರಿ, 20 ಗ್ರಾಂ ಪ್ರೋಟೀನು. ಇದನ್ನು ಅಡುಗೆಮನೆಯ ಮಾತಿನಲ್ಲಿ ಹೇಳುವುದಾದರೆ, ಚಿಕ್ಕ ಮಗುವಿಗೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆಕಾಳು, 50 ಗ್ರಾಂ ತರಕಾರಿ. ದೊಡ್ಡ ಮಗುವಿಗೆ 150 ಗ್ರಾಂ ಅಕ್ಕಿ, 30 ಗ್ರಾಂ ಬೇಳೆಕಾಳು, 75 ಗ್ರಾಂ ತರಕಾರಿ. ಇದರ ಮೇಲೆ ಕೇರಳ ಸರಕಾರ ತನ್ನ ಲೆಕ್ಕದಲ್ಲಿ ವಾರಕ್ಕೊಂದು ಮೊಟ್ಟೆ, ಮೊಟ್ಟೆ ತಿನ್ನದವರಿಗೆ ನೇಂದ್ರ ಬಾಳೆಹಣ್ಣು, ವಾರದಲ್ಲಿ ಎರಡು ದಿನ 150 ಮಿಲಿಲೀಟರು ಹಾಲು ಎಂದು ನಿಗದಿ ಮಾಡಿತು. 2025ರ ಆಗಸ್ಟ್ 1ರಿಂದ ತಜ್ಞರ ಸಮಿತಿ ಸೂಚಿಸಿದ ಹೊಸ ಊಟದ ಪಟ್ಟಿಯೂ ಜಾರಿಗೆ ಬಂತು. ಇವೆಲ್ಲ ಒಳ್ಳೆಯ ಕೆಲಸಗಳು. ಒಳ್ಳೆಯದನ್ನು ಒಳ್ಳೆಯದೆಂದು ಹೇಳಲು ನಮಗೆ ಸಂಕೋಚವಿಲ್ಲ.

ಇನ್ನೊಂದು ವಿಷಯ ನಮ್ಮಲ್ಲಿ ಬಹಳ ಮಂದಿಗೆ ತಿಳಿಯದು. 2015ರ ಮಧ್ಯಾಹ್ನದೂಟದ ನಿಯಮಗಳ ಪ್ರಕಾರ ಅಕ್ಕಿ ಬರಲಿಲ್ಲವೆಂದೋ, ಹಣ ಬರಲಿಲ್ಲವೆಂದೋ, ಅಡುಗೆಯವರು ಬರಲಿಲ್ಲವೆಂದೋ ಶಾಲೆಯ ದಿನ ಊಟ ತಪ್ಪಿದರೆ ಮುಂದಿನ ತಿಂಗಳ 15ರೊಳಗೆ ಮಗುವಿಗೆ ಆಹಾರ ಭದ್ರತಾ ಭತ್ಯೆ ಸಲ್ಲಬೇಕು. ಸತತ ಮೂರು ಶಾಲಾ ದಿನ ಅಥವಾ ತಿಂಗಳಲ್ಲಿ ಐದು ದಿನ ಊಟ ನಿಂತರೆ ಅದಕ್ಕೆ ಯಾರು ಹೊಣೆಯೆಂದು ರಾಜ್ಯ ಸರಕಾರ ಗೊತ್ತುಮಾಡಬೇಕು.

ಈಗ ಕೇಳುತ್ತೇವೆ. ಈ ಅಂಕಿಗಳನ್ನು, ಈ ನಿಯಮಗಳನ್ನು ನಿಮ್ಮ ಮಗುವಿಗೆ ಯಾರಾದರೂ ಕನ್ನಡದಲ್ಲಿ ಹೇಳಿದ್ದಾರೆಯೇ? ನಿಮ್ಮ ಶಾಲೆಯ ಅಡುಗೆಮನೆಯ ಗೋಡೆಯಲ್ಲಿ ಇವು ಕನ್ನಡದಲ್ಲಿ ಬರೆದಿವೆಯೇ? ನಾಳೆ ಮಗುವನ್ನು ಶಾಲೆಗೆ ಬಿಡಲು ಹೋದಾಗ ಗೋಡೆ ನೋಡಿ ಬನ್ನಿ.

ಬಾಯಿಬಿಟ್ಟ ಮಕ್ಕಳು

ಮಕ್ಕಳು ಊಟದ ಬಗ್ಗೆ ಮಾತಾಡಿದರೆ ಏನಾದೀತು ಎಂದು ಮೂಗು ಮುರಿಯುವವರಿಗೆ ಮೂರು ಸಂಗತಿಗಳನ್ನು ನೆನಪಿಸಬೇಕು.

2021ರ ಡಿಸೆಂಬರಿನಲ್ಲಿ ಕರ್ನಾಟಕ ಸರಕಾರ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಮತ್ತು ವಿಜಯಪುರದಲ್ಲಿ ಶಾಲಾ ಮಕ್ಕಳಿಗೆ ಮೊಟ್ಟೆ ಕೊಡಲು ತೊಡಗಿತು. ಕೆಲವು ಮಠಾಧಿಪತಿಗಳು ವಿರೋಧಿಸಿದರು. ಆಗ ಕೊಪ್ಪಳ ಜಿಲ್ಲೆಯ ಗಂಗಾವತಿಯಲ್ಲಿ ಒಬ್ಬಳು ಶಾಲಾ ಬಾಲಕಿ ಎದ್ದುನಿಂತಳು. ನಮಗೆ ಮೊಟ್ಟೆ ಬೇಕು, ಬೇಡವೆನ್ನಲು ನೀವು ಯಾರು, ತಡೆದರೆ ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ ಎಂಬರ್ಥದಲ್ಲಿ ಆಕೆ ಆಡಿದ ಮಾತು ನಾಡಿನಾದ್ಯಂತ ಕೇಳಿಸಿತು. ಹೊಟ್ಟೆಯ ಪ್ರಶ್ನೆಯನ್ನು ಹೊಟ್ಟೆಯವರೇ ಮಾತಾಡಿದ್ದರಿಂದ ಅದಕ್ಕೆ ಅಷ್ಟು ತೂಕ ಬಂತು. 2022ರಲ್ಲಿ ಈ ಯೋಜನೆ ಇಡೀ ರಾಜ್ಯಕ್ಕೆ ಹಬ್ಬಿತು. 2023ರಲ್ಲಿ 9 ಮತ್ತು 10ನೇ ತರಗತಿಯವರಿಗೂ ಮೊಟ್ಟೆ ಸಿಕ್ಕಿತು. ಮೊಟ್ಟೆ ಒಲ್ಲದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ ಕೊಟ್ಟರು; ಯಾರ ಮನೆಯ ಆಚಾರವೂ ಕೆಡಲಿಲ್ಲ.

2025ರ ಆರಂಭದಲ್ಲಿ ಕೇರಳದ ಒಂದು ಅಂಗನವಾಡಿಯ ಪುಟ್ಟ ಮಗು ತನ್ನ ತಾಯಿಯೊಡನೆ, ಉಪ್ಪಿಟ್ಟು ಬೇಡ, ಬಿರಿಯಾನಿಯೂ ಹುರಿದ ಕೋಳಿಯೂ ಬೇಕು ಎಂದು ತೊದಲಿದ ದೃಶ್ಯ ರಾಜ್ಯವೆಲ್ಲ ಹರಡಿತು. ಸಚಿವೆ ವೀಣಾ ಜಾರ್ಜ್ ಅವರು ಆ ಮಾತನ್ನು ನಕ್ಕು ತಳ್ಳಿಹಾಕಲಿಲ್ಲ. ಅದೇ ವರ್ಷದ ಜೂನ್ ತಿಂಗಳಲ್ಲಿ ಅಂಗನವಾಡಿಗಳ ಹೊಸ ಪಟ್ಟಿ ಹೊರಬಂದಾಗ ಅದರಲ್ಲಿ ಮೊಟ್ಟೆ ಬಿರಿಯಾನಿ ಇತ್ತು. ಸಕ್ಕರೆ ಮತ್ತು ಉಪ್ಪಿನ ಅಳತೆ ಇಳಿದಿತ್ತು. ಮಗು ರುಚಿಯನ್ನು ಕೇಳಿತು, ಬಲ್ಲವರು ಅದಕ್ಕೆ ಆರೋಗ್ಯವನ್ನು ಕೂಡಿಸಿದರು. ಆಗಬೇಕಾದದ್ದು ಹೀಗೆಯೇ.

ದೂರದ ಸ್ಕಾಟ್ಲೆಂಡಿನಲ್ಲಿ 2012ರಲ್ಲಿ 9 ವರ್ಷದ ಹುಡುಗಿಯೊಬ್ಬಳು ಶಾಲೆಯ ಊಟದ ಚಿತ್ರವನ್ನು ದಿನದಿನವೂ ತೆಗೆದು, ಅದಕ್ಕೆ ಅಂಕ ಹಾಕಿ ಲೋಕಕ್ಕೆ ತೋರಿಸಿದಳು. ಅಲ್ಲಿನ ಸ್ಥಳೀಯ ಆಡಳಿತ ಚಿತ್ರ ತೆಗೆಯಕೂಡದೆಂದು ಆಜ್ಞೆ ಮಾಡಿತು. ಜನ ಛೀಮಾರಿ ಹಾಕಿದರು. ಮರುದಿನವೇ ಆಜ್ಞೆ ಹಿಂದೆ ಹೋಯಿತು.

ಈ ಮೂವರಿಗೂ ಸಮಾನವಾದ ಒಂದು ಅನುಕೂಲವಿತ್ತು. ಅವರು ಆಡಿದ ಭಾಷೆ ಅವರನ್ನು ಆಳುವವರಿಗೆ ಅರ್ಥವಾಗುತ್ತಿತ್ತು. ಗಂಗಾವತಿಯ ಬಾಲಕಿ ಕನ್ನಡದಲ್ಲಿ ಗುಡುಗಿದಳು, ಬೆಂಗಳೂರಿಗೆ ಕೇಳಿಸಿತು. ಅಂಗನವಾಡಿಯ ಮಗು ಮಲಯಾಳದಲ್ಲಿ ತೊದಲಿತು, ತಿರುವನಂತಪುರಕ್ಕೆ ಕೇಳಿಸಿತು. ಎಣ್ಮಕಜೆಯ, ಪೈವಳಿಕೆಯ, ಮೀಂಜದ, ವರ್ಕಾಡಿಯ, ಬೆಳ್ಳೂರಿನ, ಕುಂಬ್ಡಾಜೆಯ ಮಗು ಕನ್ನಡದಲ್ಲಿ ಕೇಳಿದರೆ ಯಾರಿಗೆ ಕೇಳಿಸುತ್ತದೆ?

ನಮ್ಮ ಮಗುವಿನ ಮಾತು ಎಲ್ಲಿ ನಿಲ್ಲುತ್ತದೆ?

ನಮ್ಮ ಮಗು ಮನೆಯಲ್ಲಿ ತುಳು ಆಡೀತು, ಕೊಂಕಣಿ ಆಡೀತು, ಬ್ಯಾರಿ, ಮರಾಠಿ, ಹವಿಗನ್ನಡ ಆಡೀತು. ಆದರೆ ಅದು ಬರೆಯುವ ಭಾಷೆ ಕನ್ನಡ. ಊಟದ ಬಗ್ಗೆ ಮೇಲಿನಿಂದ ಬರುವ ಸುತ್ತೋಲೆಗಳು ಹೆಚ್ಚಾಗಿ ಮಲಯಾಳದಲ್ಲಿರುತ್ತವೆ. ಅಧ್ಯಾಪಕರು ಹೇಗೋ ಓದಿಕೊಳ್ಳುತ್ತಾರೆ, ಓದಿ ಕಪಾಟಿನಲ್ಲಿಡುತ್ತಾರೆ. ಮಗುವಿನ ತನಕ, ಅದರ ತಾಯಿಯ ತನಕ ಅದು ಇಳಿಯುವುದಿಲ್ಲ. ಮಗುವಿನ ಮಾತು ಮೇಲಕ್ಕೆ ಹತ್ತುವುದಂತೂ ದೂರವೇ ಉಳಿಯಿತು.

ನಮ್ಮ ನೆಲದ ಮಾತನ್ನು ಕೇಳದೆ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಹೊರಗಿನ ಉದಾಹರಣೆ ಬೇಕಿಲ್ಲ. ಎಣ್ಮಕಜೆಯ ಪಡ್ರೆಯ ಸುತ್ತಲಿನ ಗೇರು ತೋಟಗಳ ಮೇಲೆ 2000ದವರೆಗೆ ವರ್ಷವರ್ಷವೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಕೆಡುಕನ್ನು ಮೊದಲು ಕಂಡವರೂ ಹೇಳಿದವರೂ ಊರಿನವರೇ. ಆಳುವವರಿಗೆ ಅದು ಕೇಳಿಸುವ ಹೊತ್ತಿಗೆ ಒಂದು ತಲೆಮಾರಿನ ಮಕ್ಕಳ ಮೈ ಬೆಲೆ ತೆತ್ತಾಗಿತ್ತು. ಊಟದ ಕೊರತೆಯನ್ನು ಆ ವಿಷದೊಂದಿಗೆ ಯಾರೂ ಸಮ ಮಾಡುತ್ತಿಲ್ಲ. ಆದರೆ ಊರಿನ ಮಾತು ಕಚೇರಿಯ ಬಾಗಿಲಲ್ಲೇ ನಿಲ್ಲುವ ರೋಗ ಎರಡು ಕಡೆಯೂ ಒಂದೇ.

ಈ ಬಾಗಿಲನ್ನು ತೆರೆಯುವ ಕೀಲಿಕೈ ನಮ್ಮ ಕೈಯಲ್ಲೇ ಇದೆ. ಸಂವಿಧಾನದ 350ಎ ವಿಧಿಯನ್ನು ನಾವು ಸಭೆಸಭೆಯಲ್ಲೂ ಹೇಳುತ್ತೇವೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಆಧಾರ ಅದು. ಅದರ ಪಕ್ಕದಲ್ಲೇ ಕೂತಿರುವ 350ನೇ ವಿಧಿಯನ್ನು ಮರೆತುಬಿಟ್ಟಿದ್ದೇವೆ. ಕುಂದುಕೊರತೆಯ ಪರಿಹಾರಕ್ಕಾಗಿ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸಲು ಪ್ರತಿಯೊಬ್ಬ ವ್ಯಕ್ತಿಗೂ ಹಕ್ಕಿದೆ ಎನ್ನುತ್ತದೆ ಅದು. 'ಪ್ರತಿಯೊಬ್ಬ ವ್ಯಕ್ತಿ' ಎಂದಿದೆ, ವಯಸ್ಸು ಹೇಳಿಲ್ಲ. ಮತದಾನಕ್ಕೆ 18 ತುಂಬಬೇಕು. ದೂರು ಬರೆಯಲು ಅಕ್ಷರ ಬಂದರೆ ಸಾಕು. 2005ರ ಮಾಹಿತಿ ಹಕ್ಕು ಕಾಯಿದೆಯ 4ನೇ ಕಲಮು ಸರಕಾರಿ ಮಾಹಿತಿಯನ್ನು ಜನರಿಗೆ ತಲಪಿಸುವಾಗ ಸ್ಥಳೀಯ ಭಾಷೆಯನ್ನು ಗಮನದಲ್ಲಿರಿಸಬೇಕೆನ್ನುತ್ತದೆ. ಭಾರತ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ, ಮಗುವಿಗೆ ಸಂಬಂಧಿಸಿದ ವಿಷಯದಲ್ಲಿ ಮಗುವಿನ ಅಭಿಪ್ರಾಯವನ್ನು ಕೇಳಬೇಕೆನ್ನುತ್ತದೆ. ಮಗುವಿಗೆ ತನ್ನ ಬಟ್ಟಲಿಗಿಂತ ಹತ್ತಿರದ ವಿಷಯ ಯಾವುದಿದೆ?

ಆಕ್ಷೇಪಗಳಿಗೆ ಉತ್ತರ

'ಮೊದಲು ಅಧ್ಯಾಪಕರು ಬರಲಿ, ಊಟದ ಮಾತು ಆಮೇಲೆ' ಎನ್ನುವವರಿದ್ದಾರೆ. 2017ರಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯ ಮಾಡಿದಾಗ ಬೀದಿಗಿಳಿದ ನಮಗೆ ಅಧ್ಯಾಪಕರ ಪ್ರಶ್ನೆಯ ಬೆಲೆ ಗೊತ್ತಿಲ್ಲವೇ? ಗೊತ್ತಿದೆ. ಆದರೆ ರಾಜ್ಯೋತ್ಸವದ ದಿನ ಹಾಡಿಗೆ, ವಾರ್ಷಿಕೋತ್ಸವದ ದಿನ ಯಕ್ಷಗಾನಕ್ಕೆ ಮಾತ್ರ ಬೇಕಾಗುವ ಭಾಷೆಗೆ ಆಯುಸ್ಸಿಲ್ಲ. 'ಕನ್ನಡ ಕಲಿತು ಏನು ಪ್ರಯೋಜನ?' ಎಂದು ಕೇಳಿ ಮಗುವನ್ನು ಇಂಗ್ಲಿಷ್ ಮಾಧ್ಯಮಕ್ಕೆ ಎಳೆದೊಯ್ಯುವ ತಂದೆಗೆ ನಾವು ಏನು ಉತ್ತರ ಕೊಡುತ್ತಿದ್ದೇವೆ? ತನ್ನ ಮಗಳು ಕನ್ನಡದಲ್ಲಿ ಬರೆದ ನಾಲ್ಕು ಸಾಲಿಗೆ ಉಪಜಿಲ್ಲಾ ವಿದ್ಯಾಧಿಕಾರಿಯವರ ಕಚೇರಿಯಿಂದ ಕನ್ನಡದಲ್ಲಿ ಉತ್ತರ ಬಂದು ಊಟ ಸುಧಾರಿಸಿದರೆ, ಉತ್ತರ ತಾನಾಗಿ ಸಿಗುತ್ತದೆ. ಕನ್ನಡದ ದೂರು ಕಚೇರಿಗೆ ಬಂದು ಬಿದ್ದರೆ ತಾನೇ ಅದನ್ನು ಓದಬಲ್ಲ ಗುಮಾಸ್ತ ಬೇಕೆಂಬ ನಮ್ಮ ಬೇಡಿಕೆಗೆ ಬಲ ಬರುವುದು? ದೂರೇ ಇಲ್ಲದ ಕಡೆ ಕನ್ನಡದ ಗುಮಾಸ್ತ ಯಾಕೆ ಎಂದು ಅವರು ಕೇಳಿದರೆ ನಾವು ಬಾಯಿಮುಚ್ಚಬೇಕಾಗುತ್ತದೆ.

'ದೂರು ಹೋದರೆ ನಮ್ಮ ಮುಖ್ಯೋಪಾಧ್ಯಾಯರಿಗೇ ತೊಂದರೆ, ಅಡುಗೆಯವರ ಅನ್ನಕ್ಕೇ ಕಲ್ಲು' ಎಂಬುದು ಇನ್ನೊಂದು ಮಾತು. ಇದು ಕರುಣೆಯ ಮಾತು, ಆದರೆ ಲೆಕ್ಕ ತಿಳಿಯದ ಮಾತು. 2025ರ ಮೇ 1ರಿಂದ ಜಾರಿಗೆ ಬಂದ ದರದಂತೆ ಬೇಳೆ, ತರಕಾರಿ, ಎಣ್ಣೆ, ಸಾಂಬಾರ ಸಾಮಾನು, ಗ್ಯಾಸು ಎಲ್ಲ ಸೇರಿ ಕಿರಿಯ ಮಗುವಿಗೆ ದಿನಕ್ಕೆ 6 ರೂಪಾಯಿ 78 ಪೈಸೆ, ಹಿರಿಯ ಮಗುವಿಗೆ 10 ರೂಪಾಯಿ 17 ಪೈಸೆ. ನಿಮ್ಮ ಊರಿನ ಹೋಟೆಲಿನಲ್ಲಿ ಈ ದುಡ್ಡಿಗೆ ಒಂದು ಲೋಟ ಚಹಾ ಸಿಗುತ್ತದೆಯೇ, ಕೇಳಿ ನೋಡಿ. 2023ರಲ್ಲಿ ಸರಕಾರದ ಹಣ ತಿಂಗಳುಗಟ್ಟಲೆ ತಡವಾದಾಗ ಕೇರಳದ ಮುಖ್ಯೋಪಾಧ್ಯಾಯರು ಅಂಗಡಿಯಲ್ಲಿ ಸಾಲ ಹೇಳಿ ಮಕ್ಕಳಿಗೆ ಉಣಿಸಿದರು. ಅಧ್ಯಾಪಕರ ಸಂಘಟನೆ ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಆದ್ದರಿಂದ ತೆಳ್ಳಗಿನ ಸಾಂಬಾರಿಗೆ ಅಡುಗೆಯಮ್ಮನನ್ನು ಬಯ್ಯುವುದು ಅನ್ಯಾಯ. ಬಾಣಲೆಯ ಮುಂದೆ ಬೇಯುವವರು ಅವರು. ಬಾಣಲೆಗೆ ಏನು ಬೀಳಬೇಕೆಂದು ತೀರ್ಮಾನಿಸುವವರು ಬೇರೆ. ಮಗುವಿನ ದೂರು ಸರಿಯಾದ ವಿಳಾಸಕ್ಕೆ ಹೋದರೆ ಅದು ಮುಖ್ಯೋಪಾಧ್ಯಾಯರ ಕೈ ಬಲಪಡಿಸುತ್ತದೆಯೇ ಹೊರತು ಕೈ ಕಟ್ಟುವುದಿಲ್ಲ.

'ಮಕ್ಕಳನ್ನು ಮುಂದಿಟ್ಟು ರಾಜಕೀಯ ಮಾಡಬೇಡಿ' ಎಂದು ಎಚ್ಚರಿಸುವವರೂ ಇದ್ದಾರೆ. ಈ ಎಚ್ಚರಿಕೆಯನ್ನು ನಾವು ಒಪ್ಪುತ್ತೇವೆ. ದೊಡ್ಡವರು ಬರೆದುಕೊಟ್ಟ ಘೋಷಣೆಯನ್ನು ಮಕ್ಕಳಿಂದ ಕೂಗಿಸುವುದು ಬೇಡ. ಮಕ್ಕಳು ಎಣಿಸಲಿ, ಅಳೆಯಲಿ, ಬರೆಯಲಿ. ಅದು ಗಣಿತದ ಪಾಠವೂ ಆಯಿತು, ವಿಜ್ಞಾನದ ಪಾಠವೂ ಆಯಿತು, ಕನ್ನಡದ ಪತ್ರಲೇಖನವೂ ಆಯಿತು.

ಮಕ್ಕಳು ಕೇಳಬೇಕಾದದ್ದು

ಹಾಗಾದರೆ ಏನು ಕೇಳಬೇಕು? ಪ್ರತಿ ಶಾಲೆಯ ಕೊರತೆ ಬೇರೆ. ಆದರೂ ಈ ಐದು ಎಲ್ಲ ಕಡೆಗೂ ಸಲ್ಲುತ್ತವೆ.

1. ವಾರದ ಊಟದ ಪಟ್ಟಿ, ಒಬ್ಬೊಬ್ಬರಿಗೆ ಸಲ್ಲುವ ಅಳತೆ, ಆ ದಿನ ಉಂಡ ಮಕ್ಕಳ ಸಂಖ್ಯೆ ಕನ್ನಡದಲ್ಲಿ ಗೋಡೆಯ ಮೇಲೆ ಇರಲಿ. ಮಲಯಾಳ ವಿಭಾಗವೂ ಇರುವ ಶಾಲೆಯಲ್ಲಿ ಎರಡೂ ಭಾಷೆಯಲ್ಲಿರಲಿ.

2. ಮಧ್ಯಾಹ್ನದೂಟ ಸಮಿತಿಯ ಸಭೆಯಲ್ಲಿ ಮಕ್ಕಳ ಪ್ರತಿನಿಧಿಯ ಮಾತು ಕೇಳಲಿ. ದೂರಿನ ಪುಸ್ತಕವೊಂದು ಮಕ್ಕಳ ಕೈಗೆ ಎಟಕುವಲ್ಲಿ ತೂಗಲಿ. ಅದರಲ್ಲಿ ಕನ್ನಡದಲ್ಲಿ ಬರೆದದ್ದಕ್ಕೆ ಕನ್ನಡದಲ್ಲೇ ಉತ್ತರ ಬೀಳಲಿ.

3. ಹೊಸ ಪಟ್ಟಿಯಲ್ಲಿ ಲೆಮನ್ ರೈಸ್, ತರಕಾರಿ ಬಿರಿಯಾನಿ ಬಂದದ್ದು ಸಂತೋಷ. ಅದರ ಜೊತೆಗೆ ನಮ್ಮ ಹಿತ್ತಿಲಿನದ್ದೂ ಬರಲಿ. ಬಸಳೆ, ಹರಿವೆ, ನುಗ್ಗೆ ಸೊಪ್ಪು, ಬಾಳೆದಿಂಡು, ಹಲಸಿನ ಬೀಜ, ಹುರುಳಿ ಸಾರು, ಒಂದೆಲಗದ ತಂಬುಳಿ, ಇವಕ್ಕೆ ಲಾರಿಯಲ್ಲಿ ಬರುವ ತರಕಾರಿಯಷ್ಟು ದುಡ್ಡು ಬೇಡ. ಮಳೆಗಾಲದಲ್ಲಿ ಶಾಲೆಯ ಹಿಂದೆ ಒಂದು ಬಸಳೆ ಚಪ್ಪರ ಹಾಕಲು ಯಾವ ಆಜ್ಞೆಗೂ ಕಾಯಬೇಕಿಲ್ಲ.

4. ಕೇರಳದಲ್ಲಿ ಈ ಊಟ 8ನೇ ತರಗತಿಗೆ ನಿಲ್ಲುತ್ತದೆ. ತಲಪಾಡಿ ದಾಟಿದರೆ ಕರ್ನಾಟಕದ ಸರಕಾರಿ ಶಾಲೆಯಲ್ಲಿ 10ನೇ ತರಗತಿಯ ಮಗುವಿಗೂ ಊಟವಿದೆ. ನಮ್ಮ 9ನೇ ತರಗತಿಯ ಹುಡುಗಿಗೆ ಹಸಿವು ಆಗುವುದಿಲ್ಲವೇ? ಒಂದೇ ಶಾಲೆಯಲ್ಲಿ ತಮ್ಮ ಉಣ್ಣುವಾಗ ಅಕ್ಕ ಅಂಗಡಿಯ ಪಫ್ಸು, ಪೊಟ್ಟಣದ ಚಿಪ್ಸು ತಿಂದು ದಿನ ಕಳೆಯಬೇಕೇ? 10ನೇ ತರಗತಿಯ ತನಕ ಊಟ ಬೇಕೆಂಬುದು ಕೇರಳದ ಎಲ್ಲ ಮಕ್ಕಳ ಬೇಡಿಕೆಯಾಗಬೇಕು. ಅದನ್ನು ಮೊದಲು ಎತ್ತಿದವರು ಕಾಸರಗೋಡಿನ ಕನ್ನಡ ಮಕ್ಕಳು ಎಂಬ ಹೆಸರು ಬರಲಿ.

5. ಅಂಗಡಿಯ ಮಾತು ಬಂದಿದ್ದರಿಂದ ಇದನ್ನೂ ಹೇಳಬೇಕು. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮದಂತೆ ಕೊಬ್ಬು, ಉಪ್ಪು, ಸಕ್ಕರೆ ವಿಪರೀತವಿರುವ ತಿಂಡಿಯನ್ನು ಶಾಲೆಯೊಳಗೆ ಮತ್ತು ಶಾಲೆಯಿಂದ 50 ಮೀಟರಿನೊಳಗೆ ಮಕ್ಕಳಿಗೆ ಮಾರುವಂತಿಲ್ಲ. ಹಗ್ಗ ಹಿಡಿದು 50 ಮೀಟರು ಅಳೆಯುವುದು 7ನೇ ತರಗತಿಯವರಿಗೆ ಕಷ್ಟವಲ್ಲ.

ಬರೆಯುವ ಕ್ರಮ

'ಊಟ ಚೆನ್ನಾಗಿಲ್ಲ' ಎಂದು ಬರೆದರೆ ಯಾರೂ ಓದುವುದಿಲ್ಲ. ತಾರೀಕು ಬರೆಯಿರಿ. ಯಾವ ತರಗತಿ, ಎಷ್ಟು ಮಕ್ಕಳು ಉಂಡರು ಬರೆಯಿರಿ. ಪಟ್ಟಿಯಲ್ಲಿ ಏನಿತ್ತು, ಬಟ್ಟಲಿಗೆ ಏನು ಬಂತು ಬರೆಯಿರಿ. ಮೊಟ್ಟೆಯ ದಿನ ಮೊಟ್ಟೆ, ಹಾಲಿನ ದಿನ ಹಾಲು ಬಂತೇ ಎಂದು ಬರೆಯಿರಿ. ಎಷ್ಟು ಮಕ್ಕಳು ಅನ್ನ ಚೆಲ್ಲಿದರು, ಯಾಕೆ ಚೆಲ್ಲಿದರು ಬರೆಯಿರಿ. ಚೆನ್ನಾಗಿದ್ದ ದಿನ ಚೆನ್ನಾಗಿತ್ತು ಎಂದೂ ಬರೆಯಿರಿ, ಅಡುಗೆಯಮ್ಮನ ಕಷ್ಟಕ್ಕೆ ಅದೂ ಒಂದು ಕೂಲಿ. ಒಂದು ತಿಂಗಳು ಹೀಗೆ ಬರೆದಿಟ್ಟ ಪುಸ್ತಕದ ಮುಂದೆ ಯಾವ ಅಧಿಕಾರಿಯೂ ಉಡಾಫೆ ಮಾತಾಡಲಾರ. ಮೊದಲು ಮುಖ್ಯೋಪಾಧ್ಯಾಯರಿಗೆ ತೋರಿಸಿ, ಬಳಿಕ ಊಟದ ಸಮಿತಿಗೆ ಕೊಡಿ, ಅಲ್ಲಿಯೂ ಆಗದಿದ್ದರೆ ಉಪಜಿಲ್ಲಾ ವಿದ್ಯಾಧಿಕಾರಿಗಳ ಕಚೇರಿಗೆ ಕೊಡಿ. ಕೊಟ್ಟದ್ದಕ್ಕೆ ರಶೀದಿ ಕೇಳಿ ಪಡೆಯಿರಿ. 'ಮಲಯಾಳದಲ್ಲಿ ಬರೆದುಕೊಂಡು ಬಾ' ಎಂದು ಯಾರಾದರೂ ಹೇಳಿದರೆ ವಿನಯದಿಂದ 350ನೇ ವಿಧಿಯನ್ನು ತೋರಿಸಿ. ಮಲಯಾಳದ ಮೇಲೆ ನಮಗೆ ಹಗೆಯಿಲ್ಲ. ಅದನ್ನು ಕಲಿತ ಮಗು ಅದರಲ್ಲೂ ಬರೆಯಲಿ. ಕನ್ನಡದಲ್ಲಿ ಬರೆದದ್ದು ಕಾಗದವೇ ಅಲ್ಲ ಎಂಬ ಮನೋಭಾವದ ಮೇಲೆ ಮಾತ್ರ ನಮ್ಮ ಹಗೆ.

ತಂದೆತಾಯಂದಿರೇ, ಇಂದು ಸಂಜೆ ಮಗು ಬಂದಾಗ 'ಏನು ಕಲಿಸಿದರು?' ಎಂದು ಕೇಳುವ ಮೊದಲು 'ಏನು ಬಡಿಸಿದರು?' ಎಂದು ಕೇಳಿ. ಅಧ್ಯಾಪಕ ಮಿತ್ರರೇ, ಕಪಾಟಿನಲ್ಲಿರುವ ಸುತ್ತೋಲೆಯನ್ನು ಕನ್ನಡಕ್ಕೆ ತಂದು ಗೋಡೆಗೆ ಅಂಟಿಸಿ. ಸಂಘದ ಪದಾಧಿಕಾರಿಗಳೇ, ಮುಂದಿನ ಮನವಿಯನ್ನು ಬರೆಯುವಾಗ ಪೆನ್ನನ್ನು ಸ್ವಲ್ಪ ಹೊತ್ತು ಮಕ್ಕಳ ಕೈಗೆ ಕೊಡಿ.

ತನ್ನ ಅನ್ನವನ್ನು ತನ್ನ ಭಾಷೆಯಲ್ಲಿ ಕೇಳಿ ಪಡೆದ ಮಗು ನಾಳೆ ತನ್ನ ಅಧ್ಯಾಪಕರನ್ನೂ, ತನ್ನ ಪುಸ್ತಕವನ್ನೂ, ತನ್ನ ಊರಿನ ಹೆಸರನ್ನೂ ಕೇಳಿಯೇ ಕೇಳುತ್ತದೆ. ಅದನ್ನು ಬಾಯಿಮುಚ್ಚಿ ಉಣ್ಣಲು ಕಲಿಸಿದರೆ ನಮ್ಮ ಮನವಿಗಳಿಗೆ ಮುಂದಿನ ತಲೆಮಾರಿನಲ್ಲಿ ಸಹಿ ಹಾಕುವವರೇ ಇರುವುದಿಲ್ಲ.